ಪರವಾನಗಿ ಗೋಡೆಯ ಮೇಲೆ, ಸಂಪು ಅಂಗಳದಲ್ಲಿ

ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಶಿಶುಪಾಲನಾ ಕೊಠಡಿಯಲ್ಲಿ ಕೆಲಸ ಕಲಿತು, ಆಮೇಲೆ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಯಲ್ಲಿ ನನ್ನದೇ ಡೇ-ಕೇರ್ ತೆರೆದವಳು ನಾನು. ಹೊಸದಾಗಿ ಶುರು ಮಾಡಬೇಕೆನ್ನುವ ಹೆಣ್ಣುಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಮೇಡಂ, ಲೈಸೆನ್ಸ್ ಯಾವ ಆಫೀಸಲ್ಲಿ ಕೊಡ್ತಾರೆ?" ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

1. ಲೈಸೆನ್ಸ್ ಎಂಬುದು ಒಂದೇ ಕಾಗದವಲ್ಲ

ಖಾಸಗಿ ಡೇ-ಕೇರ್‌ಗೆಂದೇ ಮೀಸಲಾದ, ಇಡೀ ದೇಶಕ್ಕೆ ಅನ್ವಯಿಸುವ ಪರವಾನಗಿ ಕಾಯ್ದೆ ನಮ್ಮಲ್ಲಿಲ್ಲ. ಇರುವುದು ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕಾರಣಕ್ಕೆ ಬಂದ ನಿಯಮಗಳು. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕು ಎಂದದ್ದು 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ, ಐವತ್ತು ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದನ್ನು ವಿಸ್ತರಿಸಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಬಹುದು ಎಂದೂ ಹೇಳಿತು. ಆಮೇಲೆ ಬಂದ ಕಾರ್ಮಿಕ ಸಂಹಿತೆಯೂ ಐವತ್ತರ ಲೆಕ್ಕವನ್ನೇ ಇಟ್ಟುಕೊಂಡಿದೆ. (ನಾಲ್ಕು ಸಲ ಎಂಬುದು ಕಾಗದದಲ್ಲಿ ಚೆಂದ. ಗಂಟೆಗೆ ಇಷ್ಟು ಪೀಸ್ ಎಂದು ಸೂಪರ್‌ವೈಸರ್ ತಲೆಯ ಮೇಲೆ ನಿಂತಿರುವಾಗ ಮಿಷಿನ್ ಬಿಟ್ಟು ಏಳುವವರು ಎಷ್ಟು ಜನ?) ಇಂಥ ಕೇಂದ್ರಗಳು ಹೇಗಿರಬೇಕೆಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮೂರರಿಂದ ಆರು ವರ್ಷದ ಮಕ್ಕಳ ಖಾಸಗಿ ಪ್ಲೇ ಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಬೇರೆ ಇದೆ.

ಬಡಾವಣೆಯ ಮನೆಯೊಂದರಲ್ಲಿ ಹದಿನೈದು ಮಕ್ಕಳನ್ನು ನೋಡಿಕೊಳ್ಳುವವರಿಗೆ ಇವುಗಳಲ್ಲಿ ಯಾವುದೂ ನೇರವಾಗಿ ಹೊಂದುವುದಿಲ್ಲ. ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತಾ ನೋಂದಣಿ, ಕಟ್ಟಡದ ಕಾಗದ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಹೀಗೆ ಚೂರು ಚೂರಾಗಿ ಜೋಡಿಸಿಕೊಳ್ಳಬೇಕು. ಬಂದ ಅಧಿಕಾರಿಗಳು ತಮ್ಮ ತಮ್ಮ ಚೂರನ್ನಷ್ಟೇ ನೋಡುತ್ತಾರೆ. ಅವರದು ತಪ್ಪಲ್ಲ, ಅವರ ಫಾರಂನಲ್ಲಿ ಇರುವುದೇ ಅಷ್ಟು. ಆದರೆ ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ ಎಂಬ ಪ್ರಶ್ನೆ ಯಾವ ಫಾರಂನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ತಪಾಸಣೆಯನ್ನು ನಾವೇ ಮಾಡಿಕೊಳ್ಳಬೇಕು. ಮುಂದಿನದೆಲ್ಲ ಅದರ ಬಗ್ಗೆ.

2. ಮನೆ ಹುಡುಕುವಾಗ ನೆಲಮಹಡಿಯಿಂದ ಮೇಲೆ ಕಣ್ಣು ಹಾಯಿಸಬೇಡಿ

ಮೊದಲ ಮಹಡಿಯ ಬಾಡಿಗೆ ಕಡಿಮೆ, ಗಾಳಿ ಬೆಳಕು ಹೆಚ್ಚು, ನಿಜ. ಆದರೆ ನಡೆಯಲು ಬಾರದ ಕೂಸುಗಳನ್ನು ಹೊತ್ತು ನಮ್ಮೂರಿನ ಮೂವತ್ತು ಅಡಿ ಸೈಟಿನ ಮನೆಗಳ ಕಡಿದಾದ ಮೆಟ್ಟಿಲು ಇಳಿಯುವುದನ್ನು ಒಮ್ಮೆ ಯೋಚಿಸಿ. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಮೇಲಿನ ತರಗತಿಗಳ ಹುಲ್ಲಿನ ಸೂರಿಗೆ ಹಬ್ಬಿ 94 ಮಕ್ಕಳು ಸತ್ತರು. ಅವರು ಓಡಬಲ್ಲ ಮಕ್ಕಳು. ನಮ್ಮವು ಅಂಬೆಗಾಲಿಡುವಂಥವು.

ಹಾಗಾಗಿ ಅಡುಗೆಮನೆಗೂ ಮಕ್ಕಳು ಮಲಗುವ ಕೋಣೆಗೂ ಒಂದೇ ಗೋಡೆ ಇರುವ ಮನೆ ಬೇಡ. ಸಿಲಿಂಡರ್ ಹೊರಗಿರಲಿ. ಹಳೆಯ ಮನೆಯಾದರೆ ವೈರಿಂಗ್ ನೋಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಬಾಡಿಗೆ ಮನೆಗೆ ಯಾಕೆ ಖರ್ಚು ಎಂದು ಓನರ್ ರಾಗ ಎಳೆದರೆ ನೀವೇ ಹಾಕಿಸಿ.

ಇನ್ನು ಕಿಟಕಿಯ ಗ್ರಿಲ್. ಬೆಂಗಳೂರಿನ ಮನೆಗಳಲ್ಲಿ ಗ್ರಿಲ್ ಇಲ್ಲದ ಕಿಟಕಿ ಇಲ್ಲ. ಮಗು ಬೀಳುವುದಿಲ್ಲ, ಕಳ್ಳ ಬರುವುದಿಲ್ಲ, ಸರಿ. ಬೆಂಕಿ ಬಿದ್ದ ದಿನ ಮುಂಬಾಗಿಲಿಗೆ ಹೊಗೆ ತುಂಬಿದರೆ ಆ ಮನೆಯೇ ಪಂಜರ. ಹಿಂಬಾಗಿಲು ಇಲ್ಲದಿದ್ದರೆ ಮಲಗುವ ಕೋಣೆಯ ಒಂದು ಗ್ರಿಲ್ಲಿಗಾದರೂ ಕೀಲು ಹಾಕಿಸಿ, ತೆರೆಯುವಂತೆ ಮಾಡಿ. ಕೀಲಿಕೈ ದೊಡ್ಡವರ ಕೈಗೆ ಎಟುಕುವ ಎತ್ತರದಲ್ಲಿ ಅದೇ ಕೋಣೆಯಲ್ಲಿರಬೇಕು. ಆಫೀಸಿನ ಡ್ರಾಯರಿನಲ್ಲಿದ್ದರೆ ಇಲ್ಲದ ಹಾಗೇ. ಅಡ್ಡಪಟ್ಟಿಯ ಬಾಲ್ಕನಿ ಕಂಬಿಗಳನ್ನು ಎರಡು ವರ್ಷದ ಮಗು ಏಣಿಯಂತೆ ಹತ್ತುತ್ತದೆ. ಉದ್ದ ಕಂಬಿ ಹಾಕಿಸಿ, ಸಂದು ನಾಲ್ಕು ಇಂಚಿಗಿಂತ ಕಡಿಮೆ ಇರಲಿ.

3. ಬೆಂಕಿ ಡ್ರಿಲ್ ಮಾಡುವುದಾದರೆ ಮಕ್ಕಳು ಮಲಗಿದ್ದಾಗ ಮಾಡಿ

ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೋರಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಬೆಳಿಗ್ಗೆ ಹನ್ನೊಂದಕ್ಕೆ, ಮಕ್ಕಳೆಲ್ಲ ಎದ್ದು ಆಡುತ್ತಿರುವಾಗ, ಒಬ್ಬರ ಅಂಗಿ ಒಬ್ಬರು ಹಿಡಿದು ರೈಲು ಮಾಡಿಕೊಂಡು ಹೊರಗೆ ಬರುವುದೂ ಸುಲಭ, ಅವರಿಗದು ಆಟ. ನಿಜವಾದ ಪರೀಕ್ಷೆ ಮಧ್ಯಾಹ್ನದ್ದು.

ನಮ್ಮಲ್ಲಿ ಅದು ಹೀಗೆ ನಡೆಯುತ್ತದೆ. ಊಟ ಮುಗಿದು ಕೋಣೆ ಕತ್ತಲಾಗಿ ಎಲ್ಲ ಮಲಗಿರುತ್ತವೆ. ನಾನು ಸೀಟಿ ಊದುವುದಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು "ಬೆಂಕಿ" ಎಂದಷ್ಟೇ ಹೇಳುತ್ತೇನೆ. ಒಬ್ಬ ಆಯಮ್ಮ ಎರಡು ಸೊಂಟಕ್ಕೆ ಎರಡು ಕೂಸು ಎತ್ತುತ್ತಾಳೆ. ಅದಕ್ಕಿಂತ ಹೆಚ್ಚು ಯಾರಿಗೂ ಆಗದು. ಮಿಕ್ಕ ಕೂಸುಗಳನ್ನು ಗಾಲಿ ಇರುವ ತೊಟ್ಟಿಲೊಂದರಲ್ಲಿ ಹಾಕಿ ಇನ್ನೊಬ್ಬಳು ತಳ್ಳುತ್ತಾಳೆ. ಮೂರನೆಯವಳು ದೊಡ್ಡ ಮಕ್ಕಳನ್ನು ಎಬ್ಬಿಸಬೇಕು. ಅರೆನಿದ್ದೆಯ ಮೂರು ವರ್ಷದ ಮಗು ಎದ್ದು ನಡೆಯುವುದಿಲ್ಲ, ಕೂತು ಅಳುತ್ತದೆ. ಒಂದು ಮಗು ಹೆದರಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಗೇಟಿನ ಆಚೆ ಹೊಂಗೆ ಮರದ ಕೆಳಗೆ ಹಾಜರಿ ಪುಸ್ತಕ ಹಿಡಿದು ಹೆಸರು ಕರೆದಾಗ ಅದು ಇಲ್ಲವೆಂದು ತಿಳಿಯುತ್ತದೆ. ಹಾಜರಿ ಪುಸ್ತಕ ಒಳಗೇ ಉಳಿದಿದ್ದರೆ ಅದೂ ತಿಳಿಯುವುದಿಲ್ಲ. ಆದ್ದರಿಂದ ಆ ಪುಸ್ತಕದ ಜಾಗ ಬಾಗಿಲ ಪಕ್ಕದ ಮೊಳೆ. ಗಾಲಿ ತೊಟ್ಟಿಲು ನಿಮ್ಮ ಬಾಗಿಲಲ್ಲಿ ತೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಿರಿ.

ಅರ್ಧ ನಿದ್ದೆಯಲ್ಲಿ ಎಬ್ಬಿಸಿದ ಮಕ್ಕಳು ಸಂಜೆಯವರೆಗೂ ರಚ್ಚೆ ಹಿಡಿಯುತ್ತವೆ. ಹಿಡಿಯಲಿ.

4. ಮಕ್ಕಳ ಸಂಖ್ಯೆಗಿಂತ ಕೈಗಳ ಸಂಖ್ಯೆ ಎಣಿಸಿ

ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಅದಕ್ಕಿಂತ ದೊಡ್ಡವರಾದರೆ ಇಪ್ಪತ್ತಕ್ಕೆ ಒಬ್ಬರು, ಜೊತೆಗೆ ಸಹಾಯಕಿ ಎಂಬುದು 2018ರ ಮಾರ್ಗಸೂಚಿಯ ಲೆಕ್ಕ. ಕ್ಯಾಲಿಫೋರ್ನಿಯಾದಿಂದ ಹಿಂತಿರುಗಿದ ಕನ್ನಡ ದಂಪತಿಗಳು ನಮ್ಮಲ್ಲಿ ಮಗುವನ್ನು ಸೇರಿಸಲು ಬಂದಾಗ ಕೇಳುವ ಮೊದಲ ಪ್ರಶ್ನೆ ಇದೇ. ಅಲ್ಲಿನ ಪರವಾನಗಿ ನಿಯಮದಲ್ಲಿ ನಾಲ್ಕು ಕೂಸುಗಳಿಗೆ ಒಬ್ಬರು, ಒಳಗಡೆ ಪ್ರತಿ ಮಗುವಿಗೆ 35 ಚದರಡಿ ಜಾಗ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೇ ಒಬ್ಬರು. ಅಲ್ಲಿ ಇಷ್ಟಿಲ್ಲದಿದ್ದರೆ ಬಾಗಿಲು ಮುಚ್ಚಿಸಲೂಬಹುದು.

ಹತ್ತು ಕೂಸುಗಳನ್ನು ಒಬ್ಬಳ ಕೈಗೆ ಕೊಡುವುದು ಸುರಕ್ಷಿತ ಎಂದು ನಾನು ಒಪ್ಪುವುದಿಲ್ಲ. ಹಿಂದಿನ ಪಾಠದಲ್ಲಿ ಹೇಳಿದೆನಲ್ಲ, ಒಬ್ಬಳು ಎತ್ತಬಲ್ಲದ್ದು ಎರಡು. ನಾಲ್ಕಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಫೀಸು ಏರುತ್ತದೆ, ಪಕ್ಕದ ಬೀದಿಯ ಡೇ-ಕೇರ್‌ಗೆ ಮಕ್ಕಳು ಹೋಗುತ್ತವೆ. ಎರಡು ವರ್ಷ ದಾಟಿದ ಮಕ್ಕಳು ಹೆಚ್ಚು, ಕೂಸುಗಳು ಕಡಿಮೆ ಎಂಬ ಮಿಶ್ರಣ ಕಾಪಾಡಿಕೊಂಡು ನಾವು ಹೇಗೋ ತೂಗಿಸುತ್ತೇವೆ. ಕೂಸುಗಳ ಸೀಟು ತುಂಬಿದರೆ ತುಂಬಿತು. ಪರಿಚಯದವರು, ಕಾರ್ಪೊರೇಟರ್ ಕಡೆಯವರು ಎಂದು ಒಂದನ್ನು ಸೇರಿಸಿಕೊಂಡರೆ ಮುಂದೆ ನಾಲ್ಕು ಬರುತ್ತವೆ.

ಇನ್ನೊಂದು ಮಾತು. ಈ ಲೆಕ್ಕ ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಡೆಯೂ ಸರಿಯಾಗಿರುತ್ತದೆ. ತಪ್ಪುವುದು ಮಧ್ಯಾಹ್ನ ಒಂದೂವರೆಗೆ, ಆಯಮ್ಮಂದಿರು ಊಟಕ್ಕೆ ಕೂತಾಗ. ಮತ್ತೆ ತಪ್ಪುವುದು ಸಂಜೆ ಆರರ ಮೇಲೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಅಪ್ಪ ಅಮ್ಮ "ಇನ್ನು ಹತ್ತೇ ನಿಮಿಷ" ಎನ್ನುತ್ತಿರುವಾಗ. ಆ ಎರಡು ಹೊತ್ತಿಗೆ ಯಾರು ಇರುತ್ತಾರೆ ಎಂದು ಮೊದಲೇ ಬರೆದಿಡಿ.

ಈ ವಿಷಯದಲ್ಲಿ ಬಡವರ ಕಾನೂನು ಸ್ಪಷ್ಟವಾಗಿದ್ದದ್ದು ನನಗೆ ಸೋಜಿಗ. ನರೇಗಾ ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಆ ಕಾಯ್ದೆ ಹೇಳಿತ್ತು. ಅದೇ ತಾಯಂದಿರಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಬಂತು. ತಿಂಗಳಿಗೆ ಸಾವಿರಾರು ರೂಪಾಯಿ ಕಟ್ಟುವ ನಗರದ ಪೋಷಕರಿಗೆ ಅಷ್ಟು ಸ್ಪಷ್ಟವಾದ ಒಂದು ಸಾಲು ಇಲ್ಲ.

5. ನೀರು

ಸಂಪಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಟ್ಯಾಂಕರ್ ಬಂದಾಗ ತೆಗೆದು, ಪೈಪು ಎಳೆದ ತಕ್ಷಣ ಮತ್ತೆ ಬೀಗ. ಟ್ಯಾಂಕರಿನವನ ಅವಸರಕ್ಕೆ ಮುಚ್ಚಳ ಅರ್ಧ ತೆರೆದೇ ಉಳಿಯುವುದುಂಟು. ಅದಕ್ಕೇ ಮಕ್ಕಳಿರುವ ಹೊತ್ತಿನಲ್ಲಿ ಟ್ಯಾಂಕರ್ ತರಿಸಬೇಡಿ. ಬಚ್ಚಲಿನಲ್ಲಿ ರಾತ್ರಿಯೇ ನೀರು ತುಂಬಿಟ್ಟುಕೊಳ್ಳುವ ನಮ್ಮ ಅಭ್ಯಾಸ ಡೇ-ಕೇರ್‌ನಲ್ಲಿ ನಡೆಯದು. ಒಂದು ವರ್ಷದ ಮಗುವಿನ ತಲೆ ಭಾರ. ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಎದ್ದು ಬರಲಾರದು, ಎರಡು ಇಂಚು ನೀರು ಸಾಕು. ಸದ್ದೂ ಆಗುವುದಿಲ್ಲ. ಬಳಸಿದ ಬಕೆಟ್ ಕವುಚಿಡಿ, ಬಚ್ಚಲಿನ ಚಿಲಕ ಹೊರಗಿನಿಂದ, ಎತ್ತರದಲ್ಲಿ.

ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ತಾರಸಿಯ ಹಳೇ ಟೈರು ಇವನ್ನೂ ವಾರಕ್ಕೊಮ್ಮೆ ಬರಿದು ಮಾಡಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮಕ್ಕಳು ನಿಮ್ಮ ಬಳಿ ಇರುವ ಹೊತ್ತಿನಲ್ಲೇ.

6. ಪಿನ್ನು, ಕರಿದಾರ, ಸಾಸಿವೆ ದಿಂಬು

ಈ ಪಾಠ ಯಾವ ಮಾರ್ಗಸೂಚಿಯಲ್ಲೂ ಸಿಗುವುದಿಲ್ಲ, ಅಜ್ಜಿಯಂದಿರ ಜೊತೆ ಮಾತಾಡಿ ಕಲಿಯಬೇಕು. ಬೆಳಿಗ್ಗೆ ಮಗುವನ್ನು ಒಳಗೆ ತೆಗೆದುಕೊಳ್ಳುವಾಗ ಬಾಗಿಲಲ್ಲೇ ನಮ್ಮವರು ಮೈ ತಡವಿ ನೋಡುತ್ತಾರೆ. ಕೊರಳಲ್ಲಿ ದೃಷ್ಟಿದಾರ, ಅದಕ್ಕೊಂದು ತಾಯಿತ, ಸರದ ಕೊಂಡಿ ಸಡಿಲವೆಂದು ಸಿಕ್ಕಿಸಿದ ಸೇಫ್ಟಿ ಪಿನ್ನು, ಕೈಗೆ ಕರಿಮಣಿ. ಪಿನ್ನು ಬಾಯಿಗೆ ಹೋಗುತ್ತದೆ, ಮಣಿ ಉದುರಿ ಇನ್ನೊಂದು ಮಗುವಿನ ಮೂಗಿಗೆ ಹೋಗುತ್ತದೆ, ದಾರ ತೊಟ್ಟಿಲ ಕಂಬಿಗೆ ಸಿಕ್ಕಿ ಕೊರಳು ಬಿಗಿಯುತ್ತದೆ.

"ದೃಷ್ಟಿ ತಾಗತ್ತಮ್ಮ, ತೆಗೀಬೇಡಿ" ಎಂದು ಅಜ್ಜಿ ಹಟ ಹಿಡಿದರೆ ವಾದ ಮಾಡಬೇಡಿ. "ಅಜ್ಜಿ, ಕೊರಳಿಂದು ನಿಮ್ಮ ಕೈಲೇ ಇರಲಿ, ಸಂಜೆ ಹಾಕಿ ಕರ್ಕೊಂಡು ಹೋಗಿ. ಸೊಂಟದ ಉಡಿದಾರ ಇರಲಿ, ಕೆನ್ನೆಗೆ ಕಾಡಿಗೆ ಬೊಟ್ಟು ನಾನೇ ಇಡ್ತೀನಿ" ಎಂದರೆ ಒಪ್ಪುತ್ತಾರೆ. ನಮ್ಮಲ್ಲಿ ಪ್ರತಿ ಮಗುವಿನ ಹೆಸರಿನ ಡಬ್ಬಿ ಗೇಟಿನ ಬಳಿಯೇ ಇದೆ.

ಸಾಸಿವೆ ದಿಂಬಿನದು ಇನ್ನೂ ಕಷ್ಟ. ತಲೆ ಗುಂಡಗಾಗಲಿ ಎಂದು ಮನೆಯಿಂದ ಕಳಿಸುತ್ತಾರೆ. ಒಂದು ವರ್ಷದೊಳಗಿನ ಕೂಸನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬು ದಪ್ಪ ಹೊದಿಕೆ ಗೊಂಬೆ ಏನೂ ಇಲ್ಲದೆ ಮಲಗಿಸಬೇಕು ಎಂಬುದು ಮಕ್ಕಳ ವೈದ್ಯರು ಹೇಳುವ ಮಾತು. ದಿಂಬು ಚೀಲದಲ್ಲೇ ವಾಪಸು ಹೋಗುತ್ತದೆ. ಕೂಸುಗಳು ಮಲಗಿದ ಕೋಣೆಯಲ್ಲಿ ಒಬ್ಬರು ಎಚ್ಚರವಾಗಿ ಕೂತಿರಬೇಕು, ಕಾಲು ಗಂಟೆಗೊಮ್ಮೆ ಉಸಿರು, ಮೈಬಣ್ಣ ನೋಡಿ ಗುರುತು ಹಾಕಬೇಕು. ಮೊಬೈಲ್ ಹಿಡಿದು ಕೂತವರನ್ನು ಎಚ್ಚರವಾಗಿದ್ದವರು ಎಂದು ಲೆಕ್ಕ ಹಿಡಿಯಬೇಡಿ.

7. ಬೆಳಗಿನ ಜ್ವರಕ್ಕೆ ಪ್ಯಾರಾಸಿಟಮಾಲ್ ಮುಸುಕು

ಎಂಟು ಗಂಟೆಗೆ ಹನಿ ಹಾಕಿ ಬಿಟ್ಟು ಹೋದ ಮಗುವಿಗೆ ಹನ್ನೆರಡರ ಸುಮಾರಿಗೆ ಮೈ ಕಾಯಲು ಶುರು. ಔಷಧದ ಬಲ ನಾಲ್ಕರಿಂದ ಆರು ಗಂಟೆ ಅಷ್ಟೇ. ತಾಯಿಯನ್ನು ಬೈಯಬೇಡಿ, ಅವಳಿಗೆ ರಜೆ ಇರುವುದಿಲ್ಲ. ಆದರೆ ನಿಯಮ ಸಡಿಲಿಸಲೂ ಬೇಡಿ. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಎರಡು ಸಲ ವಾಂತಿ ಅಥವಾ ನೀರು ಭೇದಿ ಆದರೆ, ಕೈ ಕಾಲು ಬಾಯಲ್ಲಿ ಗುಳ್ಳೆ ಎದ್ದರೆ ಫೋನ್ ಹೋಗುತ್ತದೆ, ಮನೆಯಿಂದ ಯಾರಾದರೂ ಬರಬೇಕು. ಇದನ್ನು ಸೇರಿಸಿಕೊಳ್ಳುವ ದಿನವೇ ಓದಿ ಹೇಳಿ ಸಹಿ ಹಾಕಿಸಿ. ಡಾಕ್ಟರ ಚೀಟಿ ಇಲ್ಲದೆ, ಹೆಸರು ಪ್ರಮಾಣ ಹೊತ್ತು ಬರೆದುಕೊಡದೆ ಒಂದು ಹನಿ ಔಷಧವನ್ನೂ ನಾವು ಹಾಕುವುದಿಲ್ಲ.

ಸೇರಿಸಿಕೊಳ್ಳುವಾಗ ತಾಯಿ ಕಾರ್ಡ್ ಅಥವಾ ಆಸ್ಪತ್ರೆಯ ಲಸಿಕೆ ಪುಸ್ತಕ ನೋಡುವುದು ಶಾಸ್ತ್ರಕ್ಕಲ್ಲ. ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ಅಂದರೆ ನಿಮ್ಮಲ್ಲಿರುವ ಆರೇಳು ತಿಂಗಳ ಕೂಸಿಗೆ ರಕ್ಷಣೆ ಸಿಗುವುದು ಹೆಚ್ಚಾಗಿ ಸುತ್ತಲಿನ ದೊಡ್ಡ ಮಕ್ಕಳು ಲಸಿಕೆ ಹಾಕಿಸಿಕೊಂಡಿರುವುದರಿಂದ.

ಕಕ್ಕಸು ತೊಳೆಯುವ, ಡಯಾಪರ್ ಬದಲಿಸುವ ಕೈ ಅಡುಗೆಯದಾಗಬಾರದು. ಜನ ಕಡಿಮೆ ಇದ್ದ ದಿನ ಮೊದಲು ಮುರಿಯುವ ನಿಯಮ ಇದೇ.

8. ಕಡಲೆಕಾಯಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮಾರನೆಯ ದಿನ ಒಂದಿಬ್ಬರಾದರೂ ಪೋಷಕರು "ಮಕ್ಕಳಿಗೆಲ್ಲ ಹಂಚಿ ಮಿಸ್" ಎಂದು ಚೀಲ ತಂದುಕೊಡುತ್ತಾರೆ. ನಗುತ್ತಾ ತೆಗೆದುಕೊಂಡು ನಾವು ದೊಡ್ಡವರು ತಿಂದು ಮುಗಿಸುತ್ತೇವೆ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಗಟ್ಟಿ ಕ್ಯಾರೆಟ್ ತುಂಡು ಕೊಡುವ ಹಾಗಿಲ್ಲ. ಉಸಿರ ಕೊಳವೆಗೆ ಹೋದ ಕಡಲೆಬೀಜ ಕೆಲವೊಮ್ಮೆ ಅಲ್ಲೇ ಕೂತು, ವಾರಗಟ್ಟಲೆ ಕೆಮ್ಮಾಗಿ, ಅಸ್ತಮಾ ಎಂದು ಚಿಕಿತ್ಸೆಯೂ ನಡೆದುಬಿಡುತ್ತದೆ. ಉಸಿರುಗಟ್ಟಿದ ಕೂಸನ್ನು ಮುಂಗೈ ಮೇಲೆ ಕವುಚಿ, ತಲೆ ತಗ್ಗಿಸಿ, ಬೆನ್ನಿಗೆ ಐದು ಪೆಟ್ಟು, ಆಮೇಲೆ ತಿರುಗಿಸಿ ಎದೆಗೆ ಐದು ಒತ್ತು. ಇದನ್ನು ಗೊಂಬೆಯ ಮೇಲೆ ಮಾಡಿ ಕಲಿಯದವರು ಊಟದ ಹೊತ್ತಿಗೆ ಮಕ್ಕಳ ಮುಂದೆ ಕೂರಬಾರದು. ಬಾಯೊಳಗೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

9. ಸಂಜೆ ಗೇಟಿನಲ್ಲಿ ಸಂಕೋಚ ಬೇಡ

"ನಾನು ಇವನ ಸೋದರಮಾವ, ಅಕ್ಕ ಕಳಿಸಿದ್ದಾಳೆ." ಮಗು ಅವರನ್ನು ಕಂಡು ಓಡಿ ಹೋಗಿ ತಬ್ಬಿಕೊಳ್ಳುತ್ತದೆ. ಆದರೂ ಬಿಡುವ ಹಾಗಿಲ್ಲ. ಕರೆದೊಯ್ಯಬಹುದಾದವರ ಹೆಸರು, ಫೋಟೊ ಮೊದಲೇ ನಮ್ಮಲ್ಲಿರಬೇಕು, ಪಟ್ಟಿಯಲ್ಲಿ ಇಲ್ಲದವರಾದರೆ ತಾಯಿ ಅಥವಾ ತಂದೆಯ ನಂಬರಿಗೆ ನಾವೇ ಫೋನ್ ಮಾಡಬೇಕು, ಬಂದವರು ಹಚ್ಚಿಕೊಟ್ಟ ಫೋನಿನಲ್ಲಿ ಮಾತಾಡುವುದಲ್ಲ. ಗಂಡ ಹೆಂಡತಿ ಬೇರೆಯಾಗಿರುವ ಮನೆಗಳಲ್ಲಿ ಇದು ತೀರಾ ಸೂಕ್ಷ್ಮ. ನ್ಯಾಯಾಲಯದ ಆದೇಶ ಇದ್ದರೆ ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ, ಬಾಯಿಮಾತಿನ ಮೇಲೆ ಯಾರ ಪಕ್ಷವನ್ನೂ ವಹಿಸಬೇಡಿ. ಬಂಧುಗಳಿಗೆ ಬೇಸರವಾಗುತ್ತದೆ, ಒಂದು ದಿನಕ್ಕೆ ಇಳಿಯುತ್ತದೆ.

10. ಕ್ಯಾಮೆರಾ ಕಾವಲುಗಾರನಲ್ಲ

ಆದದ್ದನ್ನು ಆಮೇಲೆ ತೋರಿಸುವುದಷ್ಟೇ ಅದರ ಕೆಲಸ. ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ದೊಡ್ಡವರು ಇರದಂತೆ ಮನೆಯನ್ನೇ ಬದಲಿಸಿಕೊಳ್ಳಬೇಕು: ಡಯಾಪರ್ ಬದಲಿಸುವ ಜಾಗಕ್ಕೆ ಅರ್ಧ ಬಾಗಿಲು, ಮಲಗುವ ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿ. ಪ್ಲಂಬರ್, ಡ್ರೈವರ್, ಓನರ ಮಗ, ಯಾರೇ ಬಂದರೂ ಮಕ್ಕಳಿರುವಾಗ ಜೊತೆಯಲ್ಲಿ ಒಬ್ಬರು. ಲೈಂಗಿಕ ದೌರ್ಜನ್ಯದ ಶಂಕೆ ಬಂದರೆ ಒಳಗೊಳಗೇ ವಿಚಾರಣೆ ಮಾಡುತ್ತಾ ಕೂರುವ ಅಧಿಕಾರ ನಮಗಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ನಮಗೇ ಶಿಕ್ಷೆ. 1098 ಮಕ್ಕಳ ಸಹಾಯವಾಣಿ ಎಲ್ಲ ಆಯಮ್ಮಂದಿರಿಗೂ ಬಾಯಿಪಾಠ ಇರಲಿ. ಸಂಸ್ಥೆಯ ಮರ್ಯಾದೆ ಎಂದು ಮುಚ್ಚಿಟ್ಟವರಿಗೆ ಈ ಕೆಲಸದಲ್ಲಿ ಇರುವ ಯೋಗ್ಯತೆ ಇಲ್ಲ.

11. ಸಣ್ಣ ಗಾಯಗಳ ಪುಸ್ತಕ

ತರಚು, ಬುಗುಟು, ಕಚ್ಚಿಸಿಕೊಂಡದ್ದು, ಎಲ್ಲವನ್ನೂ ಜಾಗ ಮತ್ತು ಹೊತ್ತು ಸಮೇತ ಒಂದು ಪುಸ್ತಕದಲ್ಲಿ ಬರೆದು ಪೋಷಕರ ಸಹಿ ಹಾಕಿಸುತ್ತೇವೆ. ತಿಂಗಳ ಕೊನೆಗೆ ಅದನ್ನು ಓದಿದರೆ ಯಾವ ಮೂಲೆ, ಯಾವ ಹೊತ್ತು ಕೆಟ್ಟದ್ದೆಂದು ಅದೇ ಹೇಳುತ್ತದೆ. ಅಂಗಳದ ಒಂದು ಮೆಟ್ಟಿಲಿನ ಅಂಚನ್ನು ಅದನ್ನು ಓದಿಯೇ ಒಡೆಸಿ ಇಳಿಜಾರು ಮಾಡಿಸಿದ್ದು. ಗಾಯವೇ ಬರೆಯದ ಖಾಲಿ ಪುಸ್ತಕ ತೋರಿಸುವ ಡೇ-ಕೇರ್ ಅನ್ನು ನಂಬಬೇಡಿ.

ಪೋಷಕರಿಗೆ ಒಂದು ಮಾತು. ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ನೋಡಿ, ಬೇಡವೆನ್ನುವುದಿಲ್ಲ. ಆಮೇಲೆ ಒಂದು ದಿನ ಮೊದಲೇ ಹೇಳದೆ ಮಧ್ಯಾಹ್ನ ಎರಡು ಗಂಟೆಗೆ ಬನ್ನಿ. ಮಲಗಿದ ಮಕ್ಕಳನ್ನು ಎಣಿಸಿ, ಎಚ್ಚರವಿರುವ ದೊಡ್ಡವರನ್ನು ಎಣಿಸಿ, ಹಿಂಬಾಗಿಲಿನ ಚಿಲಕ ತೆಗೆದು ನೋಡಿ, ಸಂಪಿನ ಬೀಗ ಎಳೆದು ನೋಡಿ. ಒಳಗೆ ಬಿಡಲು ಒಪ್ಪದಿದ್ದರೆ ಅಲ್ಲಿ ಮಗುವನ್ನು ಸೇರಿಸಬೇಡಿ.